ಬಲಗಡೆ ಕಂಬದ ಗೆರೆ

ಅವರ ಮುಖ ನೋಡುವ ಮೊದಲೇ ನಾನು ಅವರಿಂದ ಬೈಸಿಕೊಂಡೆ. ಶಾಲೆಗೆ ಆಗಷ್ಟೇ ಹೊಸದಾಗಿ ಸೇರಿದ್ದೆ. ಮಕ್ಕಳನ್ನೂ ಮೇಷ್ಟ್ರುಗಳನ್ನೂ ಸಾಲಾಗಿ ನಿಲ್ಲಿಸಿ ತೆಗೆಸಿದ್ದ ಫೋಟೋ ತರಲು ಹೆಡ್‌ಮೇಷ್ಟ್ರು ನನ್ನನ್ನು ಸ್ಟುಡಿಯೋಗೆ ಕಳುಹಿಸಿದ್ದರು. ಮುಂದಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಒಳಗೆಲ್ಲೋ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಹಿಂದಿನ ಬಾಗಿಲಿಗೆ ದಪ್ಪನೆಯ ಕಪ್ಪು ಪರದೆ ಇಳಿಬಿಟ್ಟಿದ್ದರು. ಅದರ ಅಂಚಿಗೆ ಕೈ ಹಾಕಿದೆ.

"ಕೈ ತೆಗೀರಿ! ಪರದೆ ಸರಿಸಿದ್ರೋ, ನಿಮ್ಮ ಇಡೀ ಶಾಲೆ ಮಸಿ ಆಗೋಗುತ್ತೆ!"

ಬೆಚ್ಚಿ ಹಿಂದಕ್ಕೆ ಸರಿದೆ. "ನಾನು ಶಾಲೆಯವನು ಅಂತ ಹೇಗೆ ಗೊತ್ತಾಯ್ತು?"

"ಕೇಳದೆ ಒಳಗೆ ನುಗ್ಗೋರು ಎರಡೇ ಜನ. ಪೊಲೀಸ್ರು, ಮೇಷ್ಟ್ರುಗಳು. ಪೊಲೀಸ್ರಾದ್ರೆ ಬೂಟು ಸದ್ದು ಮಾಡುತ್ತೆ. ಕೂತ್ಕೊಳ್ಳಿ ಮೇಷ್ಟ್ರೇ."

ಸ್ವಲ್ಪ ಹೊತ್ತಿಗೆ ಹೊರಗೆ ಬಂದವರು ತೆಳ್ಳನೆಯ ಹೆಂಗಸು, ಮೂವತ್ತರ ಆಸುಪಾಸು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದರು. ಬೆರಳ ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಫೋಟೋ ನನ್ನ ಮುಂದಿಟ್ಟು, "ನಿಮ್ಮ ಹೆಡ್‌ಮೇಷ್ಟ್ರ ತಲೆ ಹಿಂದೆ ಗೋಡೆ ಮೇಲೆ ಒಂದು ಹಲ್ಲಿ ಇತ್ತು. ಅವರ ಕಿವಿಯಿಂದ ಹೊರಟ ಹಾಗೆ ಕಾಣ್ತಿತ್ತು. ತೆಗೆದುಬಿಟ್ಟೆ" ಎಂದರು.

ನಾನು ಫೋಟೋವನ್ನು ಓರೆ ಮಾಡಿ, ಹತ್ತಿರಕ್ಕೆ ತಂದು ನೋಡಿದೆ. ಗೋಡೆ ಬೋಳಾಗಿತ್ತು. "ಎಲ್ಲಿತ್ತು?"

"ಅದು ನಿಮಗೆ ಗೊತ್ತಾಗೋ ಹಾಗಿದ್ರೆ ನಾನು ಈ ಕೆಲಸ ಬಿಡಬೇಕು."

ಬೀದಿಯ ಮಕ್ಕಳು ಅವರನ್ನು ಕತ್ತಲಮ್ಮ ಎಂದು ಕರೆಯುತ್ತಿದ್ದರು. ಬರಬರುತ್ತ ಊರಿಗೆಲ್ಲ ಅದೇ ಹೆಸರಾಯಿತು. ಅವರಿಗೆ ಬೇಸರವೇನೂ ಇರಲಿಲ್ಲ. ಫೋಟೋ ತೆಗೆಯುವವನು ಅವರ ತಮ್ಮ; ತೆಗೆದದ್ದನ್ನು ಕಾಗದದ ಮೇಲೆ ಇಳಿಸುವವರು ಇವರು. ತಂದೆ ತೀರಿಕೊಂಡಾಗ ತಮ್ಮನಿಗೆ ಕ್ಯಾಮೆರಾಗಳು ಬಂದವು, ಇವರಿಗೆ ಕತ್ತಲೆಕೋಣೆ ಬಂತು. "ಅವನಿಗೆ ಬಿಸಿಲು, ನನಗೆ ನೆರಳು. ಪಾಲು ನ್ಯಾಯವಾಗೇ ಆಯ್ತು" ಎಂದು ನಗುತ್ತಿದ್ದರು. ಮದುವೆಯ ಮಾತೆತ್ತಿದವರಿಗೆ, "ಊರಿನ ಮದುವೆಗಳನ್ನೆಲ್ಲ ತೊಳೆದು ಒಣಗಿಸಿ ಸಾಕಾಗಿದೆ" ಎನ್ನುತ್ತಿದ್ದರು.

ಶಾಲೆಯ ಫೋಟೋಗಳ ನೆಪದಲ್ಲಿ ಶುರುವಾದ ನನ್ನ ಹೋಗಿಬರುವಿಕೆ ಸ್ನೇಹವಾಗಿ ಬೆಳೆಯಿತು. ಕೆಲಸ ನಡೆಯುವಾಗ ಒಳಗೆ ಸ್ಟೂಲಿನ ಮೇಲೆ ಕೂರಲು ನನಗೆ ಅಪ್ಪಣೆ ಸಿಕ್ಕಿತು. ಆ ಕೋಣೆಗೆ ಕಿಟಕಿ ಇರಲಿಲ್ಲ. ಒಂದು ಕೆಂಪು ಬಲ್ಬು, ಕಲ್ಲಿನ ಕಟ್ಟೆಯ ಮೇಲೆ ಮೂರು ಟ್ರೇ, ಎಷ್ಟು ತಿರುಗಿಸಿದರೂ ಪೂರ್ತಿ ನಿಲ್ಲದ ನಲ್ಲಿ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ, ಆ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟ ಒದ್ದೆ ಮುಖಗಳು. ಚಿತ್ರ ಮಾಸದಂತೆ ನಿಲ್ಲಿಸುವ ಹೈಪೋ ದ್ರಾವಣದ ವಾಸನೆ ಗಂಟಲಿಗೆ ಹತ್ತುತ್ತಿತ್ತು. ಕೆಂಪು ಬೆಳಕಿನಲ್ಲಿ ರಕ್ತವೂ ಸರಿಯಾಗಿ ಕಾಣುವುದಿಲ್ಲ. ಒಮ್ಮೆ ಚಾಕು ತಗುಲಿ ಬೆರಳು ಕೊಯ್ದದ್ದು ಅವರಿಗೇ ತಿಳಿಯದೆ, ಟ್ರೇಯಲ್ಲಿ ಕೈಯಿಟ್ಟು ಉರಿ ಹತ್ತಿದಾಗಲೇ ಗೊತ್ತಾಯಿತಂತೆ.

ಎನ್‌ಲಾರ್ಜರ್ ಯಂತ್ರದಿಂದ ನೆಗೆಟಿವ್ ಮೂಲಕ ಹಾದ ಬೆಳಕು ಕಾಗದದ ಮೇಲೆ ಬೀಳುತ್ತಿರುವಾಗ ಅವರ ಕೈಗಳು ಆ ಬೆಳಕಿನ ನಡುವೆ ಆಡುತ್ತಿದ್ದವು. ತಂತಿಯ ತುದಿಗೆ ಅಂಟಿಸಿದ ರಟ್ಟಿನ ಬಿಲ್ಲೆಯನ್ನು ಮುಖದ ಮೇಲೆ ನೆರಳು ಬೀಳುವಂತೆ ಹಿಡಿದರೆ ಮುಖ ತಿಳಿಯಾಗುತ್ತಿತ್ತು. ಎರಡು ಅಂಗೈ ಜೋಡಿಸಿ ಸಂದಿಯಿಂದ ಬೆಳಕು ಬಿಟ್ಟರೆ ಬೋಳು ಆಕಾಶದಲ್ಲಿ ಮೋಡ ಮೂಡುತ್ತಿತ್ತು. ಪ್ರಿಂಟು ಒಣಗಿದ ಮೇಲೆ ಕಲೆಗಳ ಸರದಿ. "ಬಿಳಿ ಚುಕ್ಕೆ ಬಂದ್ರೆ ನೆಗೆಟಿವ್ ಮೇಲೆ ಧೂಳು ಕೂತಿದೆ ಅಂತ ಅರ್ಥ. ಕುಂಚದಲ್ಲಿ ಬೂದು ಬಣ್ಣ ಮುಟ್ಟಿಸಿದ್ರೆ ಮುಗೀತು. ಕಪ್ಪು ಗೆರೆ ಬಂದ್ರೆ ಕ್ಯಾಮೆರಾ ಒಳಗೇ ಕೂದಲು ಸಿಕ್ಕೊಂಡಿದೆ. ಅದಕ್ಕೆ ನೆಗೆಟಿವ್ ಮೇಲೇ ಸೀಸದಕಡ್ಡಿ ಆಡಿಸಬೇಕು. ಆಗ ಗೆರೆ ಪ್ರಿಂಟಿಗೆ ಇಳಿಯಲ್ಲ" ಎಂದು ನನಗೆ ಪಾಠ ಹೇಳುತ್ತಿದ್ದರು. ಅವರ ಸೀಸದಕಡ್ಡಿಯ ಮೊನೆ ಸೂಜಿಯಷ್ಟು ಚೂಪಾಗಿರುತ್ತಿತ್ತು.

ನಾನು ಆ ಊರಿಗೆ ಬಂದು ಹಲವು ವರ್ಷಗಳಾದ ಮೇಲೆ ನೀರಿನ ಕಚೇರಿಯವರು ಹೊಸ ಓವರ್‌ಹೆಡ್ ಟ್ಯಾಂಕು ಕಟ್ಟಿಸಿದರು. ಎತ್ತರದ ಕಂಬಗಳ ಮೇಲೆ ಭಾರಿ ತೊಟ್ಟಿ. ಕತ್ತಲಮ್ಮನವರ ಭಾವ ಆ ಟ್ಯಾಂಕಿನ ನೀರುಗಂಟಿ. ಊರಿಗೆ ನೀರು ಬಿಡುವುದು, ನಿಲ್ಲಿಸುವುದು ಅವರ ಕೆಲಸ. ಅವರಿಗೆ ಕೊಟ್ಟ ಮನೆ ಟ್ಯಾಂಕಿನ ಬುಡದಲ್ಲೇ, ಬಲಗಡೆಯ ಕಂಬಕ್ಕೆ ಆತುಕೊಂಡಂತೆ ಇತ್ತು. ಅಲ್ಲಿ ಕತ್ತಲಮ್ಮನವರ ಅಕ್ಕ, ಭಾವ, ಅವರ ಒಬ್ಬಳೇ ಮಗಳು. ಮಗಳು ನನ್ನ ತರಗತಿಯಲ್ಲೇ ಓದುತ್ತಿದ್ದಳು.

ತಿಂಗಳಿಗೊಮ್ಮೆ, ಬೆಳಗಿನ ಓರೆ ಬಿಸಿಲಿನಲ್ಲಿ, ಒಂದೇ ಜಾಗದಿಂದ ಟ್ಯಾಂಕಿನ ಫೋಟೋ ತೆಗೆದು ದೊಡ್ಡದಾಗಿ ಪ್ರಿಂಟು ಮಾಡಿಕೊಡಬೇಕೆಂದು ಕಚೇರಿಯವರು ದಾಖಲೆಗೆಂದು ಕತ್ತಲಮ್ಮನವರ ತಮ್ಮನಿಗೆ ಒಪ್ಪಿಸಿದರು. ಆತ ತಂದೆಯ ಕಾಲದ ದೊಡ್ಡ ಕ್ಯಾಮೆರಾವನ್ನು ಆ ಕೆಲಸಕ್ಕೆಂದೇ ಹೊರತೆಗೆದ. ಜಾಗ ತಪ್ಪಬಾರದೆಂದು ರಸ್ತೆಯಂಚಿನಲ್ಲಿ ಮೂರು ಗುಳಿ ತೋಡಿ ಸಿಮೆಂಟು ಹಾಕಿದ. ಸ್ಟ್ಯಾಂಡಿನ ಕಾಲುಗಳು ಪ್ರತಿ ತಿಂಗಳೂ ಅದರಲ್ಲೇ ಕೂರುತ್ತಿದ್ದವು. ತೊಟ್ಟಿ ನಟ್ಟನಡುವೆ, ಬಲಗಡೆ ಕಂಬ ಚಿತ್ರದ ಬಲ ಅಂಚಿಗೆ, ತಿಂಗಳು ತಿಂಗಳೂ ಕೂದಲೆಳೆಯಷ್ಟೂ ಬದಲಾಗದಂತೆ ಬರುತ್ತಿತ್ತು.

ಒಂದು ತಿಂಗಳ ಪ್ರಿಂಟಿನಲ್ಲಿ ಬಲ ಅಂಚಿನ ಹತ್ತಿರ, ಕಂಬದ ತಲೆಯಲ್ಲಿ, ಸಣ್ಣ ಕಪ್ಪು ಗೆರೆಯೊಂದು ಬಂತು. ಕತ್ತಲಮ್ಮನವರು ನೆಗೆಟಿವ್ ಮೇಲೆ ಸೀಸದಕಡ್ಡಿ ಆಡಿಸಿ ಗೆರೆಯನ್ನು ಮುಚ್ಚಿ, ಬೇರೆ ಪ್ರಿಂಟು ಮಾಡಿ ಕಳುಹಿಸಿದರು. ಮುಂದಿನ ತಿಂಗಳು ಅದೇ ಜಾಗದಲ್ಲಿ ಮತ್ತೆ ಬಂತು.

"ಏನೋ, ಅಪ್ಪನ ಕ್ಯಾಮೆರಾ ಒಳಗೆ ಕೂದಲು ಬೆಳೆಸ್ತಿದ್ದೀಯಾ? ನಿನ್ನ ತಲೇಲಂತೂ ಬೆಳೀಲಿಲ್ಲ" ಎಂದು ತಮ್ಮನನ್ನು ಹಿಡಿದುಕೊಂಡರು.

"ನಿನ್ನೆ ತಾನೇ ಒರೆಸಿದೀನಿ ಅಕ್ಕಾ."

"ಒರೆಸಿದ್ದು ಹೊರಗಡೆ. ಮನೆ ಗುಡಿಸು ಅಂದ್ರೆ ಹೊಸಿಲು ಗುಡಿಸೋನು ನೀನು."

ತಮ್ಮ ಕ್ಯಾಮೆರಾ ಬಿಚ್ಚಿದ, ಊದಿದ, ಒರೆಸಿದ, ಮತ್ತೆ ಜೋಡಿಸಿದ. ಗೆರೆ ಹೋಗಲಿಲ್ಲ. ಮರುತಿಂಗಳು ಇನ್ನಷ್ಟು ಉದ್ದವಾಗಿ, ತುದಿಯಲ್ಲಿ ಎರಡಾಗಿ ಬಂತು. ಆ ದಿನ ನಾನೂ ಅಲ್ಲೇ ಇದ್ದೆ.

"ನೋಡೋ, ನಿನ್ನ ಕೂದಲಿಗೆ ಕವಲು ಬಂದಿದೆ."

"ಎಣ್ಣೆ ಕಾಣದ ಕೂದಲು ಹಾಗೇ ಸೀಳೋದು ಅಕ್ಕಾ" ಎಂದ ತಮ್ಮ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಕತ್ತಲಮ್ಮನವರು ಆ ನೆಗೆಟಿವನ್ನು ಬಲ್ಬಿಗೆ ಹಿಡಿದು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ಸೀಸದಕಡ್ಡಿಯ ಮೊನೆ ಚೂಪು ಮಾಡಿಕೊಂಡರು.

ನೀರಿನ ಕಚೇರಿಯಲ್ಲಿ ಈ ಪ್ರಿಂಟುಗಳನ್ನು ಗೋಡೆಗೆ ಸಾಲಾಗಿ ಹಾಕಿದ್ದರು. ಬಂದವರಿಗೆಲ್ಲ ಇಂಜಿನಿಯರು ಅದನ್ನು ತೋರಿಸಿ, "ಹುಟ್ಟಿದ ದಿನ ಹೇಗಿತ್ತೋ ಹಾಗೇ ಇದೆ ನೋಡಿ, ಒಂದು ಗೀರಿಲ್ಲ" ಎನ್ನುತ್ತಿದ್ದರಂತೆ. ಅದನ್ನು ಕೇಳಿ ಕತ್ತಲಮ್ಮನವರಿಗೆ ಹಿಗ್ಗು.

ಬೇಸಿಗೆ ಬಂತು. ಪೈಪು ಹಾಕಲೆಂದು ರಸ್ತೆಯಂಚನ್ನು ಅಗೆದರು. ತಮ್ಮನ ಮೂರು ಗುಳಿಗಳೂ ಹೋದವು. ಆ ತಿಂಗಳು ಆತ ಒಂದಷ್ಟು ಬಲಕ್ಕೆ ಸರಿದು ನಿಂತು ಫೋಟೋ ತೆಗೆದ.

ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಆ ಪ್ರಿಂಟು ಟ್ರೇಯಲ್ಲಿ ಮೂಡುವುದನ್ನು ನಾನು ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದೆ. ಮೊದಲು ತೊಟ್ಟಿಯ ನೆರಳು, ಆಮೇಲೆ ಕಂಬಗಳು, ಕೊನೆಗೆ ಆಕಾಶದ ಬೂದು. ಜಾಗ ಬದಲಾದದ್ದರಿಂದ ಬಲಗಡೆ ಕಂಬ ಈ ಸಲ ಚಿತ್ರದ ನಡುವಿಗೆ ಬಂದಿತ್ತು. ಕತ್ತಲಮ್ಮನವರ ಕೈಯಲ್ಲಿದ್ದ ಚಿಮಟ ಅಲ್ಲೇ ನಿಂತಿತು.

"ಮೇಷ್ಟ್ರೇ, ಬಲ ಅಂಚಿನಲ್ಲಿ ಏನಾದ್ರೂ ಕಾಣ್ತಿದೆಯಾ?"

"ಇಲ್ಲ. ಅಂಚು ಚೊಕ್ಕಟವಾಗಿದೆ. ಕೂದಲು ಹೋಯ್ತಲ್ಲ!"

"ಕಂಬ ನೋಡಿ."

ನೋಡಿದೆ. ಗೆರೆ ಕಂಬದ ತಲೆಯಲ್ಲೇ ಇತ್ತು. ಕ್ಯಾಮೆರಾದೊಳಗಿನ ಕೂದಲಾಗಿದ್ದರೆ ಅಂಚಿನಲ್ಲೇ ಇರಬೇಕಾಗಿತ್ತು. ಅದು ಕಂಬದ ಜೊತೆಗೇ ನಡೆದು ಬಂದಿತ್ತು.

ನಲ್ಲಿಯ ಹನಿ ಬೀಳುತ್ತಲೇ ಇತ್ತು. ಅವರು ಪ್ರಿಂಟನ್ನು ಮೇಲೆತ್ತುವುದನ್ನೇ ಮರೆತರು. ನಮ್ಮ ಕಣ್ಣೆದುರಿಗೇ ಆಕಾಶ ಕಪ್ಪಾಯಿತು, ತೊಟ್ಟಿ ಕಪ್ಪಾಯಿತು, ಕೊನೆಗೆ ಟ್ರೇಯಲ್ಲಿ ಒಂದು ಕರಿಯ ಹಾಳೆ ತೇಲುತ್ತಿತ್ತು.

ಅವರು ಹಳೆಯ ನೆಗೆಟಿವ್‌ಗಳನ್ನು ಹುಡುಕಿ ತೆಗೆದು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ತಾವೇ ಹಚ್ಚಿದ್ದ ಸೀಸವನ್ನು ಒರೆಸಿದರು. ತಿದ್ದದೆ, ಮುಟ್ಟದೆ, ಒಂದೊಂದನ್ನೇ ಪ್ರಿಂಟು ಹಾಕಿ ಹಗ್ಗಕ್ಕೆ ಸಾಲಾಗಿ ಸಿಕ್ಕಿಸಿದರು. ಮೊದಲನೆಯದರಲ್ಲಿ ಗೆರೆ ರೆಪ್ಪೆಗೂದಲಿನಷ್ಟಿತ್ತು. ಆಮೇಲೆ ಇಳಿಯಿತು, ಕವಲೊಡೆಯಿತು. ಕೊನೆಯದರಲ್ಲಿ ಕಂಬದ ಅರ್ಧ ಸುತ್ತನ್ನು ತಬ್ಬಿಕೊಂಡಿತ್ತು. ಕೆಂಪು ಬೆಳಕಿನಲ್ಲಿ ಒದ್ದೆ ಪ್ರಿಂಟುಗಳಿಂದ ನೀರು ಇಳಿಯುತ್ತಿತ್ತು.

"ಅದರ ಕೆಳಗೆ ನಮ್ಮ ಅಕ್ಕ ಒಲೆ ಹಚ್ಚಿರ್ತಾಳೆ ಮೇಷ್ಟ್ರೇ, ಇಷ್ಟು ಹೊತ್ತಿಗೆ" ಎಂದರು.

ಪ್ರಿಂಟು ಒಣಗುವ ತನಕವೂ ಕಾಯದೆ ಇಬ್ಬರೂ ಹೊರಟೆವು. ಟ್ಯಾಂಕಿನ ಕೆಳಗೆ ನಿಂತು ಕತ್ತೆತ್ತಿದರೆ ಏನೂ ಕಾಣಲಿಲ್ಲ. ಕಂಬದ ತಲೆ ತೊಟ್ಟಿಯ ನೆರಳಿನಲ್ಲಿತ್ತು. ಮೇಲೆ ಹೊಸದಾಗಿ ಬಳಿದ ಸುಣ್ಣ. ಬೆಳಗಿನ ಓರೆ ಬಿಸಿಲಿಗೆ ಮಾತ್ರ ಅದು ಗುಟ್ಟು ಬಿಟ್ಟುಕೊಡುತ್ತಿತ್ತು.

ಭಾವನವರು ಪ್ರಿಂಟುಗಳನ್ನು ತಿರುವಿಹಾಕಿ ನಕ್ಕುಬಿಟ್ಟರು. "ನಾನು ದಿನಾ ಹತ್ತಿ ಇಳಿಯೋನು ಕಣಮ್ಮಾ. ನನ್ನ ಕಣ್ಣಿಗೆ ಬೀಳದ್ದು ನಿನ್ನ ಕತ್ತಲೆಕೋಣೆಗೆ ಬಿತ್ತಾ? ಮೊನ್ನೆ ತನಕ ಕೂದಲು ಅಂತಿದ್ದೆ, ಇವತ್ತು ಬಿರುಕು ಅಂತೀಯ, ನಾಳೆ ಹಾವು ಅಂತೀಯೇನೋ."

"ನಿಮ್ಮ ಏಣಿ ಎಡಗಡೆ ಕಂಬಕ್ಕಿದೆ ಭಾವ. ಬಲಗಡೆಗೆ ಎಂದಾದ್ರೂ ಹೋಗಿದ್ದೀರಾ?"

"ಆನೆ ಇದ್ದ ಹಾಗಿದೆ ಟ್ಯಾಂಕು. ಅದಕ್ಕೆ ದೃಷ್ಟಿ ಹಾಕಬೇಡ."

ಅಕ್ಕ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. "ಒಡಹುಟ್ಟಿದವಳು ಬಂದು ಸೂರು ಬೀಳುತ್ತೆ ಅಂತ ನುಡೀತಾಳಲ್ಲ! ಒಳ್ಳೆ ಮಾತು ಸಿಗಲಿಲ್ಲವೇನೇ ನಿನಗೆ?"

"ನಾಲ್ಕು ದಿನ ನನ್ನ ಮನೇಲಿ ಇರಿ ಅಕ್ಕಾ. ಏನೂ ಆಗದಿದ್ರೆ ಜೀವನ ಪೂರ್ತಿ ಆಡಿಕೊಂಡು ನಗು."

"ಆ ವಾಸನೇಲಾ? ನಾನು ಬರಲ್ಲ" ಎಂದು ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿದರು. ಒಳಗೆ ಮಗಳು ಗಟ್ಟಿಯಾಗಿ ಮಗ್ಗಿ ಓದುತ್ತಿದ್ದಳು.

ಮರುದಿನ ಬೆಳಿಗ್ಗೆ ನೀರಿನ ಕಚೇರಿಗೆ ಹೋದೆವು. ಇಂಜಿನಿಯರು ಸಭ್ಯರು. ಕುರ್ಚಿ ಕೊಟ್ಟರು, ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದರು. ಆಮೇಲೆ ಗೋಡೆಯ ಸಾಲಿನತ್ತ ಕೈ ತೋರಿಸಿದರು.

"ಇವೂ ನಿಮ್ಮವೇ, ಅವೂ ನಿಮ್ಮವೇ. ಎರಡೂ ಒಂದೇ ನೆಗೆಟಿವ್ ಅಂತೀರಿ. ನಾನು ಯಾವುದನ್ನ ನಂಬಲಿ?"

"ಗೋಡೆ ಮೇಲಿರೋದು ನಾನು ತಿದ್ದಿದ್ದು ಸರ್. ಕೂದಲು ಅಂತ ತಿಳಿದು ಗೆರೆ ಅಳಿಸಿದೆ."

"ಗೆರೆ ಅಳಿಸೋ ಕೈಗೆ ಗೆರೆ ಎಳೆಯೋಕೂ ಬರುತ್ತಲ್ಲಮ್ಮ?"

ಅವರು ಕುಹಕದಿಂದ ಕೇಳಿದ್ದಲ್ಲ. ನಿಜವಾಗಿಯೂ ಅನುಮಾನ ಬಂದೇ ಕೇಳಿದರು. ಕತ್ತಲಮ್ಮನವರು ಗೋಡೆಯ ಸಾಲಿನತ್ತ ತಿರುಗಿ ನೋಡಿದರು. ಎದುರಿಗಿದ್ದ ಆ ಗೋಡೆಯಷ್ಟು ನಯವಾದ, ಕಲೆಯಿಲ್ಲದ ಕೆಲಸವನ್ನು ಅವರು ಬೇರೆಲ್ಲೂ ಮಾಡಿರಲಿಲ್ಲ. ಕಂಬ ಪರೀಕ್ಷಿಸಲು ಜನ ಬರಬೇಕು, ಅಟ್ಟಣೆ ಕಟ್ಟಬೇಕು, ಅದಕ್ಕೆ ಮುಂದಿನ ವಾರವಾದರೂ ಆಗುತ್ತದೆ, ಈ ಬೇಸಿಗೆಯಲ್ಲಿ ಒಂದು ಫೋಟೋ ನಂಬಿಕೊಂಡು ಟ್ಯಾಂಕು ಖಾಲಿ ಮಾಡಿಸಿದರೆ ಊರು ಸುಮ್ಮನಿರುವುದಿಲ್ಲ ಎಂದು ಇಂಜಿನಿಯರು ವಿವರಿಸಿದರು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ.

ಕತ್ತಲಮ್ಮನವರು ಅಲ್ಲಿಂದ ನೇರವಾಗಿ ಮನೆಗೆ ಹೋಗಿ ಹಾಸಿಗೆ ಸುತ್ತಿಕೊಂಡು ಬಂದು, ಅಕ್ಕನ ಅಡುಗೆಮನೆಯಲ್ಲಿ, ಸರಿಯಾಗಿ ಆ ಕಂಬದ ನೇರಕ್ಕೆ ಬಿಚ್ಚಿ ಕುಳಿತರು.

"ಇದೇನೇ ಹೊಸ ಆಟ?" ಎಂದರು ಅಕ್ಕ.

"ನೀವು ಬರದಿದ್ರೆ ನಾನೇ ಇಲ್ಲಿರ್ತೀನಿ. ನಾನು ಅಳಿಸಿದ ಗೆರೆ ಇದು. ಬಿದ್ರೆ ನನ್ನ ಮೇಲೂ ಬೀಳಲಿ."

ಮಗಳು ಮಗ್ಗಿ ಪುಸ್ತಕ ಎದೆಗೊತ್ತಿಕೊಂಡು ಅಪ್ಪನ ಮುಖ ನೋಡಿದಳು. ಭಾವನವರು ಚಪ್ಪಲಿ ಬಿಸುಟು ಎದ್ದರು. "ನೀನೂ ನಿನ್ನ ಹಟವೂ! ಹತ್ತಿ ನೋಡಿ ಬರ್ತೀನಿ. ಆಮೇಲೆ ಹಾಸಿಗೆ ಸುತ್ತಬೇಕು, ಆಯ್ತಾ?"

ಎಡಗಡೆ ಏಣಿಯಿಂದ ಹತ್ತಿ, ತೊಟ್ಟಿಯ ಸುತ್ತ ಇರುವ ಇಕ್ಕಟ್ಟಾದ ದಾರಿಯಲ್ಲಿ ಗೋಡೆ ಹಿಡಿದುಕೊಂಡು ಅವರು ಬಲಕ್ಕೆ ಸರಿದರು. ಅಲ್ಲಿ ಬೋರಲಾಗಿ ಮಲಗಿ ಕೈ ಕೆಳಕ್ಕೆ ಚಾಚಿದರು. ಸುಣ್ಣದ ಪುಡಿ ಉದುರಿ ನಮ್ಮ ತಲೆಯ ಮೇಲೆ ಬಿತ್ತು. ಅದರ ಹಿಂದೆಯೇ ಒಂದು ಸಣ್ಣ ಕಲ್ಲು ಸೂರಿನ ತಗಡಿನ ಮೇಲೆ ಬಿದ್ದು ಟಣ್ ಎಂದಿತು. ಭಾವನವರು ಬಹಳ ಹೊತ್ತು ಮಿಸುಕಲಿಲ್ಲ.

ಇಳಿದು ಬಂದು ನಮ್ಮೆದುರು ತೋರುಬೆರಳು ಚಾಚಿದರು. "ಬಿರುಕಿನೊಳಗೆ ಉಗುರು ಹೋಗುತ್ತೋ ನೋಡೋಣ ಅಂದ್ಕೊಂಡೆ" ಎಂದರು. "ಬೆರಳೇ ಹೋಯ್ತು."

ಯಾರನ್ನೂ ಕೇಳಲಿಲ್ಲ. ನೇರ ಹೋಗಿ, ಟ್ಯಾಂಕು ತೊಳೆಯುವ ದಿನ ಮಾತ್ರ ತೆರೆಯುವ ವಾಲ್ವನ್ನು ಎರಡೂ ಕೈಯಿಂದ ತಿರುಗಿಸಿದರು. ನೀರು ಭೋರ್ಗರೆದು ಚರಂಡಿ ತುಂಬಿ ಬೀದಿಗೆ ಹರಿಯಿತು. ಕೊಡ ಹಿಡಿದು ಸರದಿ ನಿಂತಿದ್ದವರು ಕಣ್ಣೆದುರಿಗೇ ಹರಿದುಹೋಗುವ ನೀರು ನೋಡಿ ಬಾಯಿಗೆ ಬಂದಂತೆ ಬೈದರು. "ತಲೆ ಕೆಟ್ಟಿದೆಯೇನಯ್ಯಾ ನಿನಗೆ? ನಾಳೆ ನಾವೇನು ನಿನ್ನ ಕಣ್ಣೀರು ಕುಡಿಯೋದಾ?" ಎಂದು ಒಬ್ಬಾಕೆ ಕೂಗಿದರು. ಭಾವನವರು ವಾಲ್ವಿನ ಮೇಲಿಂದ ಕೈ ತೆಗೆಯಲಿಲ್ಲ.

ಇಂಜಿನಿಯರು ಓಡೋಡಿ ಬಂದರು. ಭಾವನವರು, "ಸರ್, ಒಂದ್ಸಲ ಹತ್ತಿ ನೋಡಿ ಬನ್ನಿ. ಆಮೇಲೆ ಕೆಲಸದಿಂದ ತೆಗೀರಿ" ಎಂದಷ್ಟೇ ಹೇಳಿದರು. ಇಂಜಿನಿಯರು ಹತ್ತಿದರು. ಇಳಿದ ಮೇಲೆ ಕರವಸ್ತ್ರದಿಂದ ಕೈ ಒರೆಸುತ್ತಲೇ ಇದ್ದರು. ಆ ಬೀದಿಯ ಮನೆಗಳನ್ನೆಲ್ಲ ಸಂಜೆಯೊಳಗೆ ಖಾಲಿ ಮಾಡಿಸಲು ಅವರೇ ಮನೆಮನೆಗೆ ಹೋದರು.

ಟ್ಯಾಂಕು ಬೀಳಲಿಲ್ಲ, ಅದನ್ನು ಇಳಿಸಿದರು. ಬಲಗಡೆ ಕಂಬದ ತಲೆಗೆ ಸುತ್ತಿಗೆ ತಾಗಿಸಿದಾಗ ಒಳಗಿನ ಕಾಂಕ್ರೀಟು ನೆನೆದ ಬಿಸ್ಕತ್ತಿನಂತೆ ಕಳಚಿಕೊಂಡಿತಂತೆ. ಕಬ್ಬಿಣ ಎಲ್ಲಿತ್ತೆಂದು ಹುಡುಕಬೇಕಾಯಿತಂತೆ. ಆದರೂ ಅದು ಬಿದ್ದೇ ಬೀಳುತ್ತಿತ್ತು ಎನ್ನಲು ಸಾಕ್ಷಿಯೆಲ್ಲಿ? ಇನ್ನೂ ಕೆಲವು ವರ್ಷ ನಿಲ್ಲುತ್ತಿತ್ತು ಎಂದವರಿದ್ದರು. ಅಕ್ಕ ತಂಗಿಯರು ಸೇರಿ ಊರಿಗೆ ಬಾಯಾರಿಕೆ ತಂದಿಟ್ಟರು ಎಂದವರೂ ಇದ್ದರು. ಕತ್ತಲಮ್ಮನವರಿಗೆ ಹೊಗಳಿಕೆಯೂ ಬೇಡವಾಗಿತ್ತು, ತೆಗಳಿಕೆಯೂ ತಾಗಲಿಲ್ಲ. ಕಚೇರಿಯ ಗೋಡೆಯಿಂದ ಹಳೆಯ ಸಾಲನ್ನು ತೆಗೆಸಿ, ಗೆರೆಯಿರುವ ಪ್ರಿಂಟುಗಳನ್ನು ಅಲ್ಲಿ ತಾವೇ ಹಾಕಿ ಬಂದರು. ಅಂದಿನಿಂದ ಮದುವೆ ಫೋಟೋ ತಂದವರಿಗೆ ಒಂದೇ ಮಾತು: "ಮೊಡವೆ ಬೇಕಾದ್ರೆ ತೆಗೆದುಕೊಡ್ತೀನಿ. ಹಿಂದಿನ ಗೋಡೆ ಮುಟ್ಟಲ್ಲ."

ಅಪ್ಪಣೆಯಿಲ್ಲದೆ ನೀರು ಬಿಟ್ಟದ್ದಕ್ಕೆ ಭಾವನವರನ್ನು ಊರಾಚೆಯ ಇನ್ನೊಂದು ಟ್ಯಾಂಕಿಗೆ ವರ್ಗ ಮಾಡಿದರು. ಇಳಿಸಿದ ಟ್ಯಾಂಕನ್ನು ಕಟ್ಟಿದ್ದ ಗುತ್ತಿಗೆದಾರನೇ ಅದನ್ನೂ ಕಟ್ಟಿದ್ದು, ಅದೇ ವರ್ಷ. ಕಚೇರಿಯವರು ಅದನ್ನು ತಟ್ಟಿ, ಕೊರೆದು ನೋಡಿ, ಗಟ್ಟಿಯಾಗಿದೆ ಎಂದು ಬರೆದುಕೊಟ್ಟರು. ಅದರ ಬುಡದಲ್ಲೂ ಒಂದು ಮನೆ ಇತ್ತು. ಸಂಸಾರ ಅಲ್ಲಿಗೆ ಹೋಯಿತು. ಅಕ್ಕನೂ ಭಾವನೂ ಈಗ ಇಲ್ಲ. ಇಬ್ಬರೂ ವಯಸ್ಸಾಗಿಯೇ ಹೋದರು. ಮಗಳಿಗೆ ಅಪ್ಪನ ಕೆಲಸ ಸಿಕ್ಕಿತು. ನನ್ನ ಶಿಷ್ಯೆ ಇಂದು ಆ ಟ್ಯಾಂಕಿನ ನೀರುಗಂಟಿ. ಗಂಡ, ಎರಡು ಮಕ್ಕಳು, ಅದೇ ಮನೆ.

ಕತ್ತಲಮ್ಮನವರಿಗೆ ಎಪ್ಪತ್ತು ದಾಟಿದೆ. ಸ್ಟುಡಿಯೋ ಮುಂಭಾಗವನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಕತ್ತಲೆಕೋಣೆ ಮಾತ್ರ ಹಾಗೆಯೇ ಇದೆ. ಫಿಲ್ಮು ಎಲ್ಲಿಂದಲೋ ತರಿಸಬೇಕು, ಕಾಗದ ಇನ್ನೂ ದೂರದಿಂದ. ಕಚೇರಿ ಕೇಳುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಆದರೂ ಪ್ರತಿ ತಿಂಗಳು ತಮ್ಮನನ್ನು ಕರೆದುಕೊಂಡು ಹೋಗಿ ಆ ಟ್ಯಾಂಕಿನ ಫೋಟೋ ತೆಗೆಸುತ್ತಾರೆ. ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ನಿಲ್ಲಿಸುತ್ತಾರೆ. "ಚಿಕ್ಕಮ್ಮ, ಒಳಗೆ ಬಂದು ಟೀ ಕುಡೀರಿ" ಎಂದು ಮಗಳು ಕರೆದರೆ, "ನೀನೇ ಹೊರಗೆ ತಂದುಕೊಡೇ" ಎನ್ನುತ್ತಾರೆ.

ಮೊನ್ನೆ ನಾನು ಹೋದಾಗ ಪ್ರಿಂಟು ಟ್ರೇಯಲ್ಲಿತ್ತು. ಅವರ ಕಣ್ಣು ಮಂಜಾಗಿರುವುದರಿಂದ ಈಗ ಭೂತಗನ್ನಡಿ ಬೇಕು. ಅದನ್ನು ನನ್ನ ಕೈಗೆ ಕೊಟ್ಟು, "ನೋಡಿ ಮೇಷ್ಟ್ರೇ" ಎಂದರು.

"ಎಡಗಡೆ ಕಂಬದ ಮೇಲೆ ಒಂದು ಚುಕ್ಕೆ ಇದೆ. ಬಿಳಿ."

"ಬಿಳಿ ತಾನೇ? ಸರಿಯಾಗಿ ನೋಡಿದ್ರಾ?"

"ಬಿಳಿಯೇ."

"ಹಾಗಾದ್ರೆ ಧೂಳು" ಎಂದರು. ಪ್ರಿಂಟನ್ನು ಹೈಪೋದಲ್ಲಿ ಮುಳುಗಿಸಿದರು, ಕೈ ತೊಳೆದರು, ಬಲ್ಬು ಆರಿಸಿದರು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು.

"ಎಲ್ಲಿಗೆ ಈ ಬಿಸಿಲಲ್ಲಿ?"

"ಇಲ್ಲೇ, ಟ್ಯಾಂಕಿನ ಹತ್ತಿರ, ನಮ್ಮ ಹುಡುಗಿ ಮನೆಗೆ."

ಆ ದಿನ ಬೆಳಿಗ್ಗೆ ತಾನೇ ಹೋಗಿ ಬಂದಿದ್ದರು.